ದೇಹಬಿಂಬ, ಮಾಧ್ಯಮ ಮತ್ತು ಆಹಾರವಿಕಾರ

ತನ್ನ ಶರೀರದ ಆಕಾರ, ಗಾತ್ರಗಳನ್ನು ಕುರಿತು ವ್ಯಕ್ತಿಯು ಮನಸ್ಸಿನಲ್ಲಿ ಧರಿಸಿರುವ ಚಿತ್ರಕ್ಕೆ ದೇಹಬಿಂಬವೆಂದು ಹೆಸರು. ಈ ಚಿತ್ರದ ಬಗೆಗಿನ ಅತೃಪ್ತಿಯು ಬಲವಾಗಿ ಬೇರೂರಿದಲ್ಲಿ ತರುಣಿಯರಲ್ಲಿ ಅನೊರೆಕ್ಸಿಯ, ಬುಲಿಮಿಯ ಮೊದಲಾದ ಆಹಾರವಿಕಾರಗಳಿಗೆ ಎಡೆಯಾಗಬಹುದು. ಆನುವಂಶಿಕತೆಯೂ ಮನೋಧರ್ಮವೂ ಅದರೊಡನೆ ಕೂಡಿರುತ್ತವೆ. ಲಂಡನ್ನಿನ ವಿಲಿಯಂ ಗಲ್, ಪ್ಯಾರಿಸ್ಸಿನ ಶಾರ್ಲ್ ಲಾಸೇಗ್ ಎಂಬ ವೈದ್ಯರು ಅನೊರೆಕ್ಸಿಯವನ್ನು 1873ರಷ್ಟು ಹಿಂದೆಯೇ ವರ್ಣಿಸಿದ್ದರಾದ ಕಾರಣ ಈ ವ್ಯಾಧಿಯನ್ನು ಮಾಧ್ಯಮಗಳ ಸೃಷ್ಟಿಯೆನ್ನಲಾಗದು; ಆದರೆ ಅತೃಪ್ತಿಯನ್ನು ಬೆಳೆಸುವುದರಲ್ಲಿ ಅವುಗಳ ಪಾತ್ರವೆಷ್ಟೆಂಬ ಪ್ರಶ್ನೆ ಉಳಿಯುತ್ತದೆ.

ಫಿಜಿಯ ನಿದರ್ಶನ: ಹಾದಿಯಲ್ಲಿ ಹೋಗುವವರನ್ನು ಮನೆಯೊಳಗಿನಿಂದಲೇ ಊಟಕ್ಕೆ ಕೂಗಿ ಕರೆಯುವ, ತುಂಬಿದ ಮೈಯನ್ನು ಅದನ್ನು ಪೋಷಿಸಿದ ಬಂಧುವರ್ಗದ ಅಕ್ಕರೆಗೆ ಸಾಕ್ಷಿಯೆಂದು ಎಣಿಸುವ, ಹಸಿವು ಕುಂದಿದರೆ 'ಮದಾಕೆ' ಎಂಬ ರೋಗವೆಂದು ಬಗೆದು ಗಿಡಮೂಲಿಕೆಯ ಮದ್ದು ಕೊಡುವ ಫಿಜಿ ಸಮಾಜದಲ್ಲಿ ಕೃಶತೆಯು ಕಳವಳದ ವಿಷಯವಾಗಿದ್ದಿತೇ ಹೊರತು ಬಯಕೆಯದಾಗಿರಲಿಲ್ಲ. 1995ರಲ್ಲಿ ನಂದ್ರೋಂಗ ಪ್ರಾಂತಕ್ಕೆ ಟೆಲಿವಿಷನ್ ಬಂದ ಕೆಲವೇ ವಾರಗಳಲ್ಲಿ ಹಾರ್ವರ್ಡಿನ ಮಾನವಶಾಸ್ತ್ರಜ್ಞೆಯೂ ಮನೋವೈದ್ಯೆಯೂ ಆದ ಆನ್ ಬೆಕರ್ ಅಲ್ಲಿಯ 63 ಶಾಲಾಬಾಲಿಕೆಯರನ್ನೂ, 1998ರಲ್ಲಿ ಬೇರೆ 65 ಮಂದಿಯನ್ನೂ ಪರೀಕ್ಷಿಸಿದರು. ಪ್ರಶ್ನಾವಳಿಯಲ್ಲಿ ವಿಕಾರಸೂಚಕ ಅಂಕ ಪಡೆದವರ ಪ್ರಮಾಣ ಶೇ. 12.7ರಿಂದ 29.2ಕ್ಕೇರಿತ್ತು, ತೂಕದ ಭಯದಿಂದ ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಬಳಿಕ ಶೇ. 11.3 ಇದ್ದರು. ಸಂಖ್ಯೆ ಸಣ್ಣದು; ಟೆಲಿವಿಷನ್ನಿನೊಡನೆ ಅಲ್ಲಿಯ ಬಾಳುವೆಯ ಬೇರೆ ಅಂಗಗಳೂ ಬದಲಾಗುತ್ತಿದ್ದುವು; ಆದುದರಿಂದ ಕಾರ್ಯಕಾರಣ ಸಂಬಂಧವನ್ನು ಎಚ್ಚರದಿಂದಲೇ ಹೇಳಬೇಕು. ಆದರೆ ಪರದೆಯ ಮೇಲಿನ ತೆಳ್ಳನೆಯ ಹೆಂಗಸರಂತಾದರೆ ಕೆಲಸ ಸಿಕ್ಕೀತು, ಬಾಳು ಮೇಲಾದೀತು ಎಂದು ಆ ಬಾಲಿಕೆಯರಲ್ಲಿ ಹಲವರು ಆಡಿದ ಮಾತು ಅಂಕಿಗಳಿಗಿಂತ ಅರ್ಥವತ್ತಾದುದು. ಇದನ್ನು ಬರಿಯ ರೂಪವ್ಯಾಮೋಹವೆಂದು ತಳ್ಳಿಹಾಕುವುದು ಅವರಿಗೆ ಬಗೆದ ಅನ್ಯಾಯ. 523 ಬಾಲಿಕೆಯರನ್ನು ಒಳಗೊಂಡು 2011ರಲ್ಲಿ ಪ್ರಕಟವಾದ ಬೆಕರ್ ತಂಡದ ಇನ್ನೊಂದು ಅಧ್ಯಯನದಲ್ಲಿ, ಸ್ವಂತ ವೀಕ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಗೆಳತಿಯರ ಮಾಧ್ಯಮಸಂಪರ್ಕಕ್ಕೂ ವಿಕಾರಲಕ್ಷಣಗಳಿಗೂ ನಂಟು ಕಂಡುಬಂದಿತು. ತಾನು ನೋಡದ ಚಿತ್ರವೂ ಒಡನಾಡಿಗಳ ಮೂಲಕ ಮನಸ್ಸನ್ನು ಮುಟ್ಟುತ್ತದೆಂಬ ಈ ಸೂಚನೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಸಾಮಾಜಿಕ ಜಾಲತಾಣ: ಪರದೆಯೂ ಗೆಳತಿಯೂ ಇಲ್ಲಿ ಒಂದಾಗಿಬಿಡುತ್ತವೆ. 2010ರಲ್ಲಿ ಆರಂಭವಾದ ಇನ್‌ಸ್ಟಾಗ್ರಾಂನಂತಹ ತಾಣಗಳಲ್ಲಿ ಹೋಲಿಕೆಗೆ ಎದುರಾಗುವವಳು ದೂರದ ನಟಿ ಮಾತ್ರವಲ್ಲ, ಫಿಲ್ಟರಿನಿಂದ ಮೊಗ ತಿದ್ದಿಕೊಂಡ ಸಹಪಾಠಿಯೂ ಹೌದು. ಮೆಚ್ಚುಗೆ ಲೈಕುಗಳ ಎಣಿಕೆಯಲ್ಲಿ ಕಾಣುತ್ತದೆ. ಒಮ್ಮೆ ದಿಟ್ಟಿಸಿದುದರಂತಹುದನ್ನೇ ಅಲ್ಗಾರಿದಮ್ ಮತ್ತೆ ಮತ್ತೆ ತಂದೊಡ್ಡುತ್ತದೆ. ಅತೃಪ್ತರೇ ಇಂತಹ ಚಿತ್ರಗಳನ್ನು ಅರಸಿ ಹೋಗುವ ಸಂಭವವೂ ಉಂಟಾದುದರಿಂದ ಬರಿಯ ಸಮೀಕ್ಷೆಗಳು ಸಾಲವು. 2023ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ, ಆತಂಕ ಅಥವಾ ಖಿನ್ನತೆಯ ಲಕ್ಷಣಗಳಿದ್ದ 17ರಿಂದ 25 ವಯಸ್ಸಿನ 220 ವಿದ್ಯಾರ್ಥಿಗಳ ಪೈಕಿ ಜಾಲತಾಣದ ಬಳಕೆಯನ್ನು ಮೂರು ವಾರ ದಿನಕ್ಕೊಂದು ಗಂಟೆಗೆ ಮಿತಗೊಳಿಸಿದವರು ತಮ್ಮ ರೂಪ, ತೂಕಗಳ ಬಗೆಗೆ ಮೊದಲಿಗಿಂತ ಸಮಾಧಾನ ತಾಳಿದರು.