ಗೋಧಿ ಬಿಟ್ಟ ಪ್ಯಾನ್‌ಕೇಕ್: ಬಾಳೆಹಣ್ಣಿಗೆ ಸಿಕ್ಕ ಕ್ರೆಡಿಟ್‌ನ ಕಥೆ

ಒಂದು ಬಾಳೆಹಣ್ಣು, ಎರಡು ಮೊಟ್ಟೆ. ಮಿಕ್ಸಿಗೆ ಹಾಕಿ ತಿರುವಿ, ಕಾವಲಿ ಮೇಲೆ ಪುಟ್ಟಪುಟ್ಟದಾಗಿ ಹುಯ್ದರೆ ಪ್ಯಾನ್‌ಕೇಕ್ ರೆಡಿ. ಈ ರೀಲ್ ನಿಮ್ಮ ಫೋನಿಗೂ ಬಂದೇ ಬಂದಿರುತ್ತೆ. ಅದರ ಕೆಳಗೆ ಒಂದು ಸಾಲು ಇರುತ್ತೆ: ಧಾನ್ಯ ಇಲ್ಲ, ಗ್ಲುಟೆನ್ ಇಲ್ಲ, ಅಲರ್ಜಿ ಇರೋರಿಗೂ ಓಕೆ.

ನೋಡೋಕೆ ಇದು ಮೊನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಥರ ಕಾಣುತ್ತೆ. ಆದರೆ ಧಾನ್ಯ ಬಿಟ್ಟು ಬಾಳೆಹಣ್ಣು ತಿನ್ನಿಸುವ ಐಡಿಯಾಗೆ ನೂರು ವರ್ಷ ದಾಟಿದೆ. ಅದು ಶುರುವಾಗಿದ್ದು ಜಿಮ್‌ನಲ್ಲಲ್ಲ, ಮಕ್ಕಳು ಒಣಗಿ ಸಾಯುತ್ತಿದ್ದ ಆಸ್ಪತ್ರೆ ವಾರ್ಡುಗಳಲ್ಲಿ. ಇವತ್ತಿನ ಎಪಿಸೋಡ್ ಆ ಬಾಳೆಹಣ್ಣಿನ ಬಗ್ಗೆ. ಕೊನೆಗೆ ಪ್ಯಾನ್‌ಕೇಕ್ ಕೂಡ ಮಾಡೋಣ, ಆದರೆ ಕಥೆ ಗೊತ್ತಾದ ಮೇಲೆ.

ಕಾಯಿಲೆಯ ಹೆಸರು ಸೀಲಿಯಾಕ್. ಇದು ಅಲರ್ಜಿ ಅಲ್ಲ. ಗೋಧಿ, ಬಾರ್ಲಿ, ರೈ ಈ ಮೂರರಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದಾಗ ಕೆಲವರ ದೇಹ ತನ್ನದೇ ಸಣ್ಣ ಕರುಳಿನ ಮೇಲೆ ಯುದ್ಧಕ್ಕೆ ನಿಲ್ಲುತ್ತೆ. ಕರುಳಿನ ಒಳಗೋಡೆಯಲ್ಲಿ ಆಹಾರ ಹೀರಿಕೊಳ್ಳುವ ಕೂದಲಿನಂಥ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಮಗು ತಿಂತಾನೇ ಇರುತ್ತೆ, ಆದರೆ ಬೆಳೆಯಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ, ಬೇಧಿ ನಿಲ್ಲಲ್ಲ.

ಇದೆಲ್ಲ ಈಗ ಸಲೀಸಾಗಿ ಹೇಳಬಹುದು. 1887ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು ಈ ಕಾಯಿಲೆಯ ಬಗ್ಗೆ ಉಪನ್ಯಾಸ ಕೊಟ್ಟರು. ಇದು ವಾಸಿಯಾಗುವುದಾದರೆ ಪಥ್ಯದಿಂದಲೇ ಆಗಬೇಕು ಅನ್ನೋದು ಅವರ ಮಾತು. ಸರಿಯಾದ ಮಾತು. ಆದರೆ ಪಥ್ಯದ ಪಟ್ಟಿ ನೋಡಿ: ಅನ್ನ ಬೇಡ, ಸಬ್ಬಕ್ಕಿ ಬೇಡ, ತೆಳುವಾಗಿ ಕೊಯ್ದು ಎರಡೂ ಕಡೆ ಚೆನ್ನಾಗಿ ಸುಟ್ಟ ಬ್ರೆಡ್ ಪರವಾಗಿಲ್ಲ! ತಿನ್ನಬಹುದಾಗಿದ್ದನ್ನು ಬಿಡಿಸಿದರು, ಬಿಡಿಸಬೇಕಾಗಿದ್ದನ್ನು ಟೋಸ್ಟ್ ಮಾಡಿ ಕೊಟ್ಟರು.

ಅದೇ ಗೀ ಇನ್ನೊಂದು ಮಗುವಿನ ಕಥೆ ಬರೆದಿದ್ದಾರೆ. ಅದಕ್ಕೆ ದಿನಾ ಒಂದು ಲೀಟರಿನಷ್ಟು ಡಚ್ ಮಳಿ, ಅಂದರೆ ನಮ್ಮ ಕರಾವಳಿಯಲ್ಲಿ ನೀಲಿಕಲ್ಲು ಅಂತಾರಲ್ಲ ಆ ಜಾತಿಯ ಚಿಪ್ಪಿನ ಮೀನು, ತಿನ್ನಿಸಿದರಂತೆ. ಮಗು ಚಿಗುರಿತು. ಸೀಸನ್ ಮುಗೀತು, ಮತ್ತೆ ಕಾಯಿಲೆ. ಮುಂದಿನ ಸೀಸನ್ ಬರೋ ಹೊತ್ತಿಗೆ ಮಗು ಅದನ್ನು ಮುಟ್ಟೋಕೂ ಒಪ್ಪಲಿಲ್ಲ. ಪಾಪ, ಒಂದು ಲೀಟರ್ ಅಂದರೆ ತಮಾಷೆನಾ? ಹೊಟ್ಟೆ ತುಂಬ ಚಿಪ್ಪು ಮೀನು ತಿಂದ ಮಗುವಿಗೆ ಬ್ರೆಡ್ಡಿಗೆ ಜಾಗ ಉಳಿದಿರಲಿಲ್ಲ ಅನ್ನೋದು ನನ್ನ ಊಹೆ. ಈ ಪ್ಯಾಟರ್ನ್ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಈಗ ನ್ಯೂಯಾರ್ಕ್, 1924. ಮಕ್ಕಳ ವೈದ್ಯ ಸಿಡ್ನಿ ಹಾಸ್ ಒಂದು ಲೇಖನ ಪ್ರಕಟಿಸಿದರು. ವಿಷಯ, ಸೀಲಿಯಾಕ್ ಚಿಕಿತ್ಸೆಯಲ್ಲಿ ಬಾಳೆಹಣ್ಣಿನ ಬೆಲೆ. ಹತ್ತು ಮಕ್ಕಳ ಲೆಕ್ಕ ಅದರಲ್ಲಿತ್ತು. ಎಂಟು ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟರು, ಎಂಟೂ ಚೇತರಿಸಿಕೊಂಡವು. ಪಥ್ಯ ಸಿಗದ ಇಬ್ಬರು ಮಕ್ಕಳು ತೀರಿಕೊಂಡರು.

ಇದನ್ನು ಆ ಕಾಲದ ಅಪ್ಪ ಅಮ್ಮಂದಿರ ಜಾಗದಲ್ಲಿ ನಿಂತು ಕೇಳಿ. ಕಣ್ಣೆದುರು ಸೊರಗುತ್ತಿರೋ ಮಗು, ಯಾವ ಡಾಕ್ಟರ ಕೈಯಲ್ಲೂ ಔಷಧಿ ಇಲ್ಲ. ಯಾರೋ ಒಬ್ಬರು ಬಂದು ಬಾಳೆಹಣ್ಣು ಕೊಡಿ, ಉಳಿಯುತ್ತೆ ಅಂತಾರೆ. ಮತ್ತು ಮಗು ನಿಜವಾಗಿಯೂ ಉಳಿಯುತ್ತೆ! ದೂರದೂರದಿಂದ ತಂದೆತಾಯಿಗಳು ಮಕ್ಕಳನ್ನು ಕರೆತಂದು ಈ ಪಥ್ಯಕ್ಕಾಗಿ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಬಿಟ್ಟು ಹೋಗ್ತಿದ್ದರು. ಆ ಮಕ್ಕಳಿಗೆ ಬನಾನಾ ಬೇಬಿ ಅಂತಲೇ ಹೆಸರು ಬಿತ್ತು.

ಹಾಸ್ ಅವರ ಪಥ್ಯದಲ್ಲಿ ಬಾಳೆಹಣ್ಣಿನ ಜೊತೆ ಹಾಲಿನ ಪದಾರ್ಥ, ಮಾಂಸ, ತರಕಾರಿ ಇದ್ದವು. ಬ್ರೆಡ್, ಬಿಸ್ಕತ್ತು, ಆಲೂಗಡ್ಡೆ ಮತ್ತು ಎಲ್ಲ ಧಾನ್ಯ ಬಂದ್. ಮಕ್ಕಳನ್ನು ಉಳಿಸಿದ್ದು ಈ ಬಂದ್. ಆದರೆ ಕ್ರೆಡಿಟ್ ಹೋಗಿದ್ದು ಬಾಳೆಹಣ್ಣಿನ ಖಾತೆಗೆ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಹೀಗೆ ಹೇಳ್ತೀನಿ: ಟ್ಯಾಲಿ ಆಯ್ತು, ಬ್ಯಾಲೆನ್ಸ್ ಶೀಟ್ ಕೂಡ್ತು, ಆದರೆ ಎಂಟ್ರಿ ತಪ್ಪು ಲೆಡ್ಜರಿಗೆ ಬಿದ್ದಿತ್ತು.

ಇದರಲ್ಲಿ ಬೇಸರದ ವಿಷಯ ಏನು ಗೊತ್ತಾ? ಸುಳಿವು ಹಾಸ್ ಅವರ ಕೈಯಲ್ಲೇ ಇತ್ತು. ಪೋರ್ಟೊ ರಿಕೊ ದ್ವೀಪದಲ್ಲಿ ಬ್ರೆಡ್ ಜಾಸ್ತಿ ತಿನ್ನುವ ಪೇಟೆ ಜನಕ್ಕೆ ಕರುಳಿನ ಬೇನೆ ಬರುತ್ತೆ, ಬಾಳೆಹಣ್ಣು ತಿಂದು ಬದುಕೋ ರೈತರಿಗೆ ಬರಲ್ಲ ಅಂತ ಅವರೇ ಬರೆದಿದ್ದರು. ಒಂದೇ ವಾಕ್ಯದಲ್ಲಿ ಬ್ರೆಡ್ಡೂ ಇದೆ, ಬಾಳೆಯೂ ಇದೆ. ಅವರ ಕಣ್ಣು ಬಾಳೆಯ ಮೇಲೇ ನಿಂತಿತು.

ಹಣ್ಣಿನ ವ್ಯಾಪಾರಕ್ಕೂ ಅದು ಒಳ್ಳೆ ಕಾಲ. ಯುನೈಟೆಡ್ ಫ್ರೂಟ್ ಕಂಪನಿ ಮಧ್ಯ ಅಮೆರಿಕದಿಂದ ಹಡಗುಗಟ್ಟಲೆ ತಂದು, ಇದು ಆರೋಗ್ಯದ ಹಣ್ಣು ಅಂತ ಪ್ರಚಾರ ಮಾಡ್ತಿತ್ತು. 1928ರ ಡಿಸೆಂಬರಿನಲ್ಲಿ ಕೊಲಂಬಿಯಾದ ಸಿಯೆನಾಗಾ ಊರಿನಲ್ಲಿ ಅದೇ ಕಂಪನಿಯ ತೋಟದ ಕೂಲಿಗಳು ಮುಷ್ಕರ ಕೂತಾಗ ಸೈನ್ಯ ಗುಂಡು ಹಾರಿಸಿತು. ಒಂದು ಕಡೆ ಈ ಹಣ್ಣಿನಿಂದ ಮಕ್ಕಳು ಬದುಕ್ತಿದ್ದರು, ಇನ್ನೊಂದು ಕಡೆ ಇದೇ ಹಣ್ಣು ಕೊಯ್ಯೋರು ಸಾಯ್ತಿದ್ದರು. ಅದಕ್ಕೇ ಒಂದು ಪೂರ್ತಿ ಎಪಿಸೋಡ್ ಬೇಕು, ಇವತ್ತು ಬಿಡೋಣ.

ತಪ್ಪು ಕಾರಣ ಆದರೇನು, ಮಗು ಉಳಿತಲ್ಲ ಅಂತ ನೀವು ಕೇಳಬಹುದು. ಅಲ್ಲೇ ಇರೋದು ಸಮಸ್ಯೆ. ಬಾಳೆಹಣ್ಣೇ ಔಷಧಿ ಅನ್ನೋದಾದರೆ, ಔಷಧಿಯ ಕೋರ್ಸ್ ಮುಗಿದ ಮೇಲೆ ರೋಗ ವಾಸಿ ಅಂತಾಯ್ತು. ವಾಸಿ ಆದಮೇಲೆ ಎಲ್ಲರ ಥರ ಬ್ರೆಡ್ ತಿನ್ನಬಹುದು. ಹಾಸ್ ಹಾಗೇ ಹೇಳಿ ಕಳಿಸುತ್ತಿದ್ದರು. ಆ ಮಕ್ಕಳು ದೊಡ್ಡವರಾಗಿ ಮತ್ತೆ ಗೋಧಿ ತಿಂದರು. ಮೇಲೆ ಆರಾಮಾಗಿ ಕಂಡರೂ ಒಳಗೆ ಕರುಳು ಸವೆಯುತ್ತಲೇ ಇತ್ತು. ರಕ್ತಹೀನತೆ, ಟೊಳ್ಳು ಮೂಳೆ, ಇನ್ನೂ ಏನೇನೋ. ಎಷ್ಟೋ ಜನಕ್ಕೆ ತಮಗೆ ಚಿಕ್ಕಂದಿನ ಕಾಯಿಲೆ ಇನ್ನೂ ಇದೆ ಅಂತ ಗೊತ್ತಾಗಿದ್ದು ದಶಕಗಳಾದ ಮೇಲೆ. ಸೀಲಿಯಾಕ್ ವಾಸಿಯಾಗಲ್ಲ, ಜೀವನಪೂರ್ತಿ ಗ್ಲುಟೆನ್ ಬಿಡಬೇಕು, ಅಷ್ಟೇ.

ಗೋಧಿ ಮೇಲೆ ಬೆರಳು ಇಟ್ಟಿದ್ದು ಇನ್ನೊಬ್ಬರು. ನೆದರ್‌ಲ್ಯಾಂಡ್ಸ್‌ನ ವಿಲ್ಲೆಮ್ ಡಿಕೆ, 1936ರಲ್ಲಿ, ಬರೀ 31ನೇ ವಯಸ್ಸಿಗೆ, ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ನಿರ್ದೇಶಕರಾದವರು. ಒಬ್ಬ ತಾಯಿ ತನ್ನ ಮಗುವಿಗೆ ಬ್ರೆಡ್ ನಿಲ್ಲಿಸಿದರೆ ಮೈಮೇಲಿನ ದದ್ದು ಇಳಿಯುತ್ತೆ ಅಂತ ಹೇಳಿದ್ದು ಅವರ ಕಿವಿಗೆ ಬಿತ್ತು ಅಂತ ಒಂದು ಮಾತಿದೆ. 1930ರ ದಶಕದಲ್ಲೇ ಅವರು ಗೋಧಿ ಬಿಡಿಸಿ ನೋಡಲು ಶುರು ಮಾಡಿದ್ದರು, 1941ರಲ್ಲಿ ಡಚ್ ಭಾಷೆಯಲ್ಲಿ ಬರೆದರು. ಯುದ್ಧದ ಮಧ್ಯೆ, ಡಚ್‌ನಲ್ಲಿ! ಯಾರು ಓದಬೇಕು?

ಆಮೇಲೆ ಬಂತು 1944-45ರ ಚಳಿಗಾಲ. ಜರ್ಮನ್ ಆಕ್ರಮಣಕಾರರು ನೆದರ್‌ಲ್ಯಾಂಡ್ಸ್‌ನ ಪಶ್ಚಿಮ ಭಾಗಕ್ಕೆ ಆಹಾರ ಹೋಗದ ಹಾಗೆ ತಡೆದರು. ಸುಮಾರು 20,000 ಜನ ಸತ್ತರು. ಜನ ಟ್ಯುಲಿಪ್ ಗಡ್ಡೆ ಬೇಯಿಸಿ ತಿಂದರು. ಡಚ್ಚರು ಇವತ್ತಿಗೂ ಅದನ್ನ ಹಸಿವಿನ ಚಳಿಗಾಲ ಅಂತಾರೆ. ಊರಿಗೆ ಊರೇ ಸೊರಗುತ್ತಿದ್ದಾಗ ಡಿಕೆ ವಾರ್ಡಿನ ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದರು. ಯಾಕೆ? ಬ್ರೆಡ್ ಸಿಗ್ತಿರಲಿಲ್ಲ. ಯುದ್ಧದ ಕೊನೆಗೆ ಪರಿಹಾರದ ಬ್ರೆಡ್ ಬಂತು, ಊರೆಲ್ಲ ಖುಷಿಯಲ್ಲಿ ಅಳ್ತಿತ್ತು, ಆ ಮಕ್ಕಳು ಮತ್ತೆ ಮಲಗಿದರು.

ಸಿನಿಮಾದಂಥ ಕಥೆ, ಹಾಗಾಗಿ ಎಲ್ಲರೂ ಇದನ್ನೇ ಹೇಳ್ತಾರೆ. ಆದರೆ ನನಗೆ ಇಷ್ಟ ಆಗೋದು ಅದರ ಮುಂದಿನ ಬೋರಿಂಗ್ ಭಾಗ. ಬರಗಾಲ ಒಂದು ಸುಳಿವು ಮಾತ್ರ, ಪುರಾವೆ ಅಲ್ಲ. ಡಿಕೆ ಮಕ್ಕಳಿಗೆ ಗೋಧಿ ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು, ವರ್ಷಗಟ್ಟಲೆ ತೂಕ ಎತ್ತರ ಬರೆದಿಟ್ಟರು. ವಾನ್ ಡೆ ಕಾಮರ್ ಎಂಬ ರಸಾಯನ ವಿಜ್ಞಾನಿ ಮಕ್ಕಳ ಮಲದಲ್ಲಿ ಎಷ್ಟು ಕೊಬ್ಬು ಹೀರಿಕೊಳ್ಳದೆ ಹೊರಗೆ ಬರ್ತಿದೆ ಅಂತ ಅಳೆಯುವ ವಿಧಾನ ಮಾಡಿಕೊಟ್ಟರು. ಗೋಧಿ ಕೊಟ್ಟಾಗ ಕೊಬ್ಬು ಏರುತ್ತೆ, ನಿಲ್ಲಿಸಿದರೆ ಇಳಿಯುತ್ತೆ. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಥೀಸಿಸ್ ಕೊಟ್ಟರು, ಮುಂದಿನ ಕೆಲವೇ ವರ್ಷಗಳಲ್ಲಿ ತಂಡ ಗ್ಲುಟೆನ್‌ವರೆಗೆ ತಲುಪಿತು. ಹಾಸ್ ಹತ್ತು ಮಕ್ಕಳನ್ನು ನೋಡಿ ಹಣ್ಣಿಗೆ ಹಾರ ಹಾಕಿದ್ದರು. ಡಿಕೆ ಕೊಟ್ಟು ತೆಗೆದು ನೋಡಿದರು. ವ್ಯತ್ಯಾಸ ಅಷ್ಟೇ. ಡಿಕೆ 1962ರಲ್ಲಿ, 57ನೇ ವಯಸ್ಸಿಗೆ ತೀರಿಕೊಂಡರು.

ಹಾಸ್ ಮಾತ್ರ ತಮ್ಮ ವಾದ ಬಿಡಲಿಲ್ಲ. 1951ರಲ್ಲಿ ಮಗನ ಜೊತೆ ಸೇರಿ ಪುಸ್ತಕ ತಂದರು. ಅವರ ಹತ್ತಿರ ಕರುಳಿನ ಹುಣ್ಣಿನ ಮಗಳನ್ನು ಕರೆದುಕೊಂಡು ಬಂದ ಒಬ್ಬ ತಾಯಿ, ಎಲೇನ್ ಗಾಟ್‌ಷಾಲ್, ಆಮೇಲೆ ಸ್ವತಃ ಜೀವವಿಜ್ಞಾನ ಓದಿ 1987ರಲ್ಲಿ ಈ ಧಾನ್ಯವಿಲ್ಲದ ಪಥ್ಯದ ಬಗ್ಗೆ ಪುಸ್ತಕ ಬರೆದರು. ಹಿಟ್ಟಿನ ಬದಲು ಬಾದಾಮಿ ಪುಡಿ, ಚುಕ್ಕೆ ಬಿದ್ದ ಮಾಗಿದ ಬಾಳೆಹಣ್ಣು, ಇವೆಲ್ಲ ಅಮೆರಿಕದ ಅಡುಗೆಮನೆಗಳಿಗೆ ಹೋದ ದಾರಿಗಳಲ್ಲಿ ಇದೂ ಒಂದು. ನಿಮ್ಮ ರೀಲಿನ ಪ್ಯಾನ್‌ಕೇಕಿಗೆ ಇಲ್ಲೊಬ್ಬರು ಅಜ್ಜಿ ಇದ್ದಾರೆ ಅಂದುಕೊಳ್ಳಿ.

ಈಗ ನಮ್ಮ ಕಡೆ ಬರೋಣ. ಸೀಲಿಯಾಕ್ ನಮ್ಮ ದೇಶದಲ್ಲಿ ಗೋಧಿ ತಿನ್ನುವ ಉತ್ತರದಲ್ಲಿ ಜಾಸ್ತಿ, ಅನ್ನ ತಿನ್ನುವ ದಕ್ಷಿಣದಲ್ಲಿ ತುಂಬಾ ಕಮ್ಮಿ. ಅದಕ್ಕೇ ಇಲ್ಲಿ ಅದನ್ನು ಮನಸ್ಸಿಗೆ ತರುವವರೂ ಕಮ್ಮಿ. ಬಾಳೆಹಣ್ಣು ಇದ್ದರೆ ಸಾಕು ಅನ್ನೋ ತರ್ಕದಲ್ಲಿ ಮಂಗಳೂರು ಬನ್ಸ್ ಕೂಡ ಪಾಸಾಗಬೇಕಿತ್ತು ಅಲ್ವಾ? ಅದರಲ್ಲಿರೋದು ಮೈದಾ. ರಾಗಿ ದೋಸೆಯಲ್ಲಿ ಗ್ಲುಟೆನ್ ಇಲ್ಲ, ಆದರೆ ರಾಗಿ ಧಾನ್ಯ. ಗ್ಲುಟೆನ್ ಬೇಡ, ಧಾನ್ಯ ಬೇಡ, ಅಲರ್ಜಿ ಇದೆ, ಇವು ಮೂರು ಬೇರೆ ಬೇರೆ ಮಾತು. ಇನ್ನು ಏಕಾದಶಿ ಫಲಾಹಾರದ ಹೆಸರಲ್ಲಿ ಉಪ್ಪಿಟ್ಟು ತಿನ್ನೋದು ನಮ್ಮ ಸಂಸ್ಕೃತಿ, ಅದರ ಸುದ್ದಿಗೆ ನಾನು ಹೋಗಲ್ಲ.

ನಮ್ಮಲ್ಲೂ ಬಾಳೆಗೆ ಒಂದು ಇತ್ತೀಚಿನ ಅಧ್ಯಾಯ ಇದೆ. 2021ರ ಲಾಕ್‌ಡೌನ್‌ನಲ್ಲಿ ಬಾಳೆಗೆ ರೇಟ್ ಬಿದ್ದು ಗೊನೆಗಳು ತೋಟದಲ್ಲೇ ಕೊಳೀತಿದ್ದಾಗ, ಅಡಿಕೆ ಪತ್ರಿಕೆ ಬಾಳೆಕಾಯಿ ಹುಡಿಯನ್ನು ಅಭಿಯಾನದಂತೆ ಎತ್ತಿಕೊಂಡಿತು. ಬಾಕಾಹು ಅಂತ ಶಾರ್ಟ್ ಹೆಸರು. ದಕ್ಷಿಣ ಕನ್ನಡ, ಉತ್ತರ ಕನ್ನಡದ ಮಹಿಳೆಯರು ಅದರಲ್ಲಿ ದೋಸೆ, ರೊಟ್ಟಿ, ಗುಲಾಬ್ ಜಾಮೂನ್ ಮಾಡಿ ಫೋಟೋ ಹಾಕಿದರು, ಪ್ರಧಾನಿಯವರ ಮನ್ ಕೀ ಬಾತ್‌ವರೆಗೂ ಸುದ್ದಿ ಹೋಯ್ತು. ಕಾಯಿಯನ್ನು ತೆಳ್ಳಗೆ ಹೆಚ್ಚಿ, ಕಡಕ್ ಆಗುವವರೆಗೆ ಒಣಗಿಸಿ ಪುಡಿ ಮಾಡೋದು, ಅಷ್ಟೇ. ಧಾನ್ಯ ಇಲ್ಲ, ಮೊಟ್ಟೆ ಇಲ್ಲ, ನಟ್ಸ್ ಇಲ್ಲ.

ರೀಲಿನ ರೆಸಿಪಿ ಎಡವೋದು ಇಲ್ಲೇ. ಅದರಲ್ಲಿ ಮೊಟ್ಟೆ ಇದೆ, ಎಷ್ಟೋ ಸಲ ಬಾದಾಮಿ ಪುಡಿ, ಕಡಲೆಕಾಯಿ ಬೆಣ್ಣೆ ಕೂಡ ಇರುತ್ತೆ. ಚಿಕ್ಕ ಮಕ್ಕಳಲ್ಲಿ ಹೆಚ್ಚು ಕಾಣುವ ಅಲರ್ಜಿಗಳಲ್ಲಿ ಮೊಟ್ಟೆ, ಕಡಲೆಕಾಯಿ ಎರಡೂ ಇವೆ. ರಬ್ಬರ್ ಗ್ಲೌಸ್, ಬಲೂನ್ ಮುಟ್ಟಿದರೆ ಅಲರ್ಜಿ ಆಗುವ ಕೆಲವರಿಗೆ ಬಾಳೆಹಣ್ಣೇ ಆಗಲ್ಲ. ಗಾಟ್‌ಷಾಲ್ ಪಥ್ಯ ಮಾಡೋರಿಗೆ ಪಿಷ್ಟ ಬೇಡ, ಹಾಗಾಗಿ ಬಾಕಾಹು ಕೂಡ ನಡೆಯಲ್ಲ. ಎಲ್ಲರಿಗೂ ಓಕೆ ಅನ್ನೋ ಪ್ಯಾನ್‌ಕೇಕ್ ಇಲ್ಲ. ಯಾರಿಗೆ, ಯಾವುದು, ಯಾಕೆ ಬೇಡ ಅಂತ ಮೊದಲು ಕೇಳಬೇಕು. ಮತ್ತೆ, ಸೀಲಿಯಾಕ್ ಅನುಮಾನ ಇದ್ದರೆ ಟೆಸ್ಟ್‌ಗೆ ಮುಂಚೆ ಗೋಧಿ ನಿಲ್ಲಿಸಬೇಡಿ. ನಿಲ್ಲಿಸಿದರೆ ರಕ್ತ ಪರೀಕ್ಷೆಯಲ್ಲಿ ಕಾಯಿಲೆ ಕಾಣದೇ ಹೋಗಬಹುದು. ಡಾಕ್ಟರ್ ಮೊದಲು, ರೀಲ್ ಆಮೇಲೆ.

ಸರಿ, ಮಾಡೋಣ. ಒಂದು ಕಪ್ ಬಾಕಾಹು, ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡಾ, ಏಲಕ್ಕಿ. ಬೇಕಿಂಗ್ ಪೌಡರ್ ಬೇಡ, ಅದರಲ್ಲಿ ಸಾಮಾನ್ಯವಾಗಿ ಜೋಳದ ಪಿಷ್ಟ ಇರುತ್ತೆ, ಅಂದರೆ ಧಾನ್ಯ. ಚೆನ್ನಾಗಿ ಮಾಗಿದ ಒಂದು ಬಾಳೆಹಣ್ಣು ಕಿವುಚಿ ಹಾಕಿ. ತೆಂಗಿನಕಾಯಿ ಹಾಲು ಬಿಸಿ ಮಾಡಿ ಸ್ವಲ್ಪ ಸ್ವಲ್ಪವೇ ಹುಯ್ಯಿರಿ. ಬಿಸಿ ಯಾಕೆ ಅಂದರೆ, ಗ್ಲುಟೆನ್ನೂ ಇಲ್ಲ ಮೊಟ್ಟೆಯೂ ಇಲ್ಲ, ಹಿಡಿದಿಡೋದು ಪಿಷ್ಟ ಒಂದೇ, ಅದು ಬಿಸಿಗೆ ಅಂಟಾಗಬೇಕು. ಹತ್ತು ನಿಮಿಷ ಬಿಡಿ, ಹುಡಿ ನೀರು ಕುಡಿದು ಗಟ್ಟಿಯಾಗುತ್ತೆ, ಇಡ್ಲಿ ಹಿಟ್ಟಿನ ಹದಕ್ಕೆ ಇನ್ನಷ್ಟು ಹಾಲು ಸೇರಿಸಿ. ಕೊನೆಗೆ ನಾಲ್ಕು ಹನಿ ನಿಂಬೆರಸ, ತಕ್ಷಣ ಕಾವಲಿಗೆ. ಅಂಗೈಗಿಂತ ದೊಡ್ಡದು ಮಾಡಬೇಡಿ, ಮಗುಚುವಾಗ ಮುರಿಯುತ್ತೆ. ಉರಿ ಸಣ್ಣದಿರಲಿ, ಹಣ್ಣಿನ ಸಕ್ಕರೆ ಬೇಗ ಸೀಯುತ್ತೆ. ಮುಚ್ಚಳ ಮುಚ್ಚಿ, ಅಂಚು ಒಣಗಿದ ಮೇಲೆ ಮಗುಚಿ. ಮೇಲೆ ಹಲಸಿನ ತೊಳೆ, ಮಾವು, ಯಾವ ಹಣ್ಣಾದರೂ ಸರಿ.

ಸೀಲಿಯಾಕ್ ಇರೋರಿಗೆ ಮಾಡ್ತಿದ್ದರೆ ಇನ್ನೆರಡು ಮಾತು. ಒಣಗಿಸಿದ ಬಾಳೆಕಾಯಿಯನ್ನು ಬೀದಿ ತುದಿಯ ಹಿಟ್ಟಿನ ಗಿರಣಿಗೆ ಕೊಡಬೇಡಿ, ನಿಮಗಿಂತ ಮುಂಚೆ ಅಲ್ಲಿ ಯಾರದ್ದೋ ಗೋಧಿ ಬೀಸಿರುತ್ತೆ. ಮನೆ ಮಿಕ್ಸಿಯಲ್ಲೇ ಪುಡಿ ಮಾಡಿ. ಚಪಾತಿ ಬೇಯಿಸುವ ಕಾವಲಿಯೂ ಬೇಡ, ಬೇರೆ ಒಂದು ಇಟ್ಟುಕೊಳ್ಳಿ. ಮಾಡಿ ನೋಡಿ, ಮುರಿದು ಹೋದರೆ ಕಾಮೆಂಟ್‌ನಲ್ಲಿ ಬೈಯಿರಿ. ಮುಂದಿನ ವಾರ ಸಿಗೋಣ.