ಬದುವಿನ ಜಾಲಿಗೆ ಯಜಮಾನರಿದ್ದ ಕಾಲ

ನರೇಗಲ್ಲಿನ ಸುತ್ತ ಕಾಡಿಲ್ಲ. ಕಪ್ಪತಗುಡ್ಡ ಗದಗಿನ ಆಚೆ ಉಳಿಯಿತು, ಗಜೇಂದ್ರಗಡದ ಗುಡ್ಡಗಳು ಬೋಳು. ನಡುವೆ ಇರುವುದೆಲ್ಲ ಎರಿಹೊಲ: ಬಿಳಿಜೋಳ, ಕಡಲಿ, ಕುಸುಬಿ, ಹತ್ತಿ. ಆದರೂ ಈ ಸೀಮೆಯ ಒಕ್ಕಲುತನವೆಲ್ಲ ಕಟ್ಟಿಗೆಯ ಮೇಲೆ ನಿಂತಿತ್ತು. ರಂಟಿ, ಕುಂಟಿ, ಕೂರಿಗಿ, ನೊಗ, ಚಕ್ಕಡಿ ಎಲ್ಲಕ್ಕೂ ಗಟ್ಟಿ ಕಟ್ಟಿಗೆ ಬೇಕು. ಅದೆಲ್ಲ ಎಲ್ಲಿಂದ ಬರುತ್ತಿತ್ತು ಎಂದು ಕೇಳಿದರೆ, ಬಡಿಗತನದ ಮನೆಯಲ್ಲಿ ಹುಟ್ಟಿದ ನಾನು ಹೊಲದ ಬದುವಿನ ಕಡೆ ಕೈ ತೋರಿಸುತ್ತೇನೆ.

ನಮ್ಮೂರಿನ ಕ್ರಿ.ಶ. 950ರ ಶಾಸನ, ಗಂಗ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದ ಬಸದಿಯನ್ನೂ ಅದರ ದಾನಶಾಲೆಗೆ ಬಿಟ್ಟ ಕೆರೆಯನ್ನೂ ಹೇಳುತ್ತದೆ. ಬದುವಿನ ಗಿಡಕ್ಕೆ ಅಂಥ ಶಾಸನವಿಲ್ಲ. ಅದರ ಕಥೆಯನ್ನು ಕಂದಾಯದ ಕಾಯ್ದೆ ಮತ್ತು ಬಡಿಗರ ಪದ್ಧತಿ ಎರಡನ್ನೂ ಕೂಡಿಸಿ ಓದಬೇಕು.

ಎರಿಭೂಮಿ ಎಲ್ಲ ಗಿಡಕ್ಕೂ ಒಗ್ಗುವುದಿಲ್ಲ. ಮಳೆಗಾಲದಲ್ಲಿ ಕೆಸರಾಗಿ ನೀರು ಹಿಡಿಯುತ್ತದೆ, ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರಿದು ಎಳೆ ಬೇರನ್ನು ಹರಿಯುತ್ತದೆ. ಎರಡನ್ನೂ ತಾಳಿ ಬೆಳೆಯುವುದು ಕರಿಜಾಲಿ. ನೀರು ನಿಲ್ಲುವ ತಗ್ಗು, ಒಡ್ಡಿನ ಮಗ್ಗಲು, ಹಳ್ಳದ ದಂಡೆ ಅದರ ಜಾಗ. ಕುರಿ-ಆಡು ಜಾಲಿಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹಾಕುತ್ತಿದ್ದವು. ಹೊಟ್ಟೆಯಲ್ಲಿ ಹಾದುಬಂದ ಬೀಜದ ಗಟ್ಟಿ ಸಿಪ್ಪೆ ಮೆತ್ತಗಾಗಿ ಬೇಗ ಮೊಳೆಯುತ್ತಿತ್ತು. ಯಾರೂ ಸಸಿ ನೆಡುತ್ತಿರಲಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಕೀಳಬೇಕು ಎಂಬುದಷ್ಟೇ ಒಕ್ಕಲಿಗನ ತೀರ್ಮಾನ.

ಆ ತೀರ್ಮಾನಕ್ಕೆ ಬಲ ಬಂದದ್ದು ಒಡೆತನದಿಂದ. ನಾವು ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದವರು. 1879ರ ಮುಂಬಯಿ ಭೂಕಂದಾಯ ಸಂಹಿತೆಯ 40ನೇ ಕಲಮು, ಆ ಹೊತ್ತಿಗೆ ಸರ್ವೇ ಮುಗಿದಿದ್ದ ಊರುಗಳ ಹೊಲದ ಗಿಡಗಳ ಮೇಲಿನ ಸರ್ಕಾರದ ಹಕ್ಕನ್ನು, ಕಾಯ್ದಿರಿಸಿದವುಗಳ ಹೊರತು, ಹೊಲ ಹಿಡಿದವನಿಗೇ ಬಿಟ್ಟುಕೊಟ್ಟಿತು. ತನ್ನದೆಂದು ಗೊತ್ತಾದ ಗಿಡವನ್ನು ರೈತ ಇಪ್ಪತ್ತು ವರ್ಷ ಕಾಯಬಲ್ಲ.

ಕಾಯುವುದೆಂದರೆ ಸುಮ್ಮನೆ ಬಿಡುವುದಲ್ಲ. ಜಾಲಿಯ ನೆರಳಿಗೆ ಜೋಳ ಸೊರಗುತ್ತದೆ. ಅದಕ್ಕೇ ಹಿಂಗಾರಿ ಬಿತ್ತಿಗೆಯ ಮುಂಚೆ ಕೆಳಗಿನ ಟೊಂಗೆಗಳನ್ನು ಸವರುತ್ತಿದ್ದರು. ಸೊಪ್ಪು ಆಡಿಗೆ, ಮುಳ್ಳು ಬಣವಿಯ ಬೇಲಿಗೆ, ಸಣ್ಣ ಟೊಂಗೆ ಒಲೆಗೆ, ತೊಗಟೆ ತೊಗಲು ಹದ ಮಾಡುವವರಿಗೆ. ಕೆಳಟೊಂಗೆ ಹೋದಂತೆಲ್ಲ ಬೊಡ್ಡೆ ಗಂಟಿಲ್ಲದೆ ನೆಟ್ಟಗೆ ಏರುತ್ತಿತ್ತು. ಅದು ಬಡಿಗನ ಪಾಲು. ದಪ್ಪ ಟೊಂಗೆ ಕಡಿಯುವಾಗ ಅಪ್ಪ ಮೊದಲು ಕೆಳಗಿನಿಂದ ಒಂದು ಕಚ್ಚು ಹಾಕಿ ಆಮೇಲೆ ಮೇಲಿನಿಂದ ಕಡಿಯುತ್ತಿದ್ದರು. ಇಲ್ಲದಿದ್ದರೆ ಟೊಂಗೆ ಬೀಳುವಾಗ ಬೊಡ್ಡೆಯ ತೊಗಟೆಯನ್ನೂ ಸೀಳಿಕೊಂಡು ಬೀಳುತ್ತದೆ, ಆ ಗಾಯದಲ್ಲಿ ನೀರು ಇಳಿದು ತಿರುಳು ಕೊಳೆಯುತ್ತದೆ. ಬೇವಿನ ಗಿಡದಲ್ಲಿ ಬಂದಳಿಕೆ ಕಂಡರೆ, ಅದನ್ನಷ್ಟೇ ಕಿತ್ತರೆ ಮತ್ತೆ ಚಿಗುರುತ್ತದೆಂದು, ಅದು ಬೇರೂರಿದ ಟೊಂಗೆಯನ್ನೇ ಕೆಳಗಿನಿಂದ ಕಡಿಸುತ್ತಿದ್ದರು.

ಕಡಿದ ಜಾಲಿಯನ್ನು ತಿಂಗಳುಗಟ್ಟಲೆ ಕೆರೆಯ ನೀರಿನಲ್ಲಿ ಮುಳುಗಿಸಿಡುತ್ತಿದ್ದರು. ಕಟ್ಟಿಗೆಯ ಹಿಟ್ಟಿನಂಶ ನೀರಿಗೆ ಬಿಟ್ಟುಹೋದ ಮೇಲೆ ಕುಟ್ಟೆಹುಳಕ್ಕೆ ಅಲ್ಲಿ ತಿನ್ನಲು ಏನೂ ಉಳಿಯುವುದಿಲ್ಲ. ಹಾಗೆ ಹದವಾದ ಬೊಡ್ಡೆ ಗಾಲಿಯ ಗುಂಭವಾಗುತ್ತಿತ್ತು, ಸೀಳು ಅರವಾಗುತ್ತಿತ್ತು, ಬಾಗಿದ ಟೊಂಗೆ ರಂಟಿಯಾಗುತ್ತಿತ್ತು. ಕಮ್ಮಾರ ಕಾಯಿಸಿದ ಹಳಿ ಬಿಗಿದರೆ ಚಕ್ಕಡಿ ಸಿದ್ಧ. ನಮಗೆ ಸಿಗುತ್ತಿದ್ದುದು ಸುಗ್ಗಿಯಲ್ಲಿ ಕಣದ ಆಯ. ಹೀಗಾಗಿ ಯಾರ ಹೊಲದಲ್ಲಿ ಯಾವ ಜಾಲಿ ಎಷ್ಟು ದಪ್ಪ ಆಗಿದೆ ಎಂಬುದು ಹೊಲದವನಷ್ಟೇ ನಮ್ಮ ಮನೆಗೂ ಗೊತ್ತಿತ್ತು. “ಗಿಡಕ್ಕ ಒಬ್ಬ ಗಿರಾಕಿ ಇರಬೇಕು, ಒಬ್ಬ ಯಜಮಾನ ಇರಬೇಕು. ಇಬ್ಬರೂ ಇಲ್ಲಾಂದ್ರ ಅದು ಬರೇ ಉರವಲ ಆಗತೈತಿ,” ಎನ್ನುತ್ತಿದ್ದರು ಅಪ್ಪ.

ಬನ್ನಿಯ ಲೆಕ್ಕವೇ ಬೇರೆ. ಅದಕ್ಕೆ ಕೊಡಲಿ ತಾಗಿಸುತ್ತಿರಲಿಲ್ಲ. ಸೀಗಿ ಹುಣ್ಣಿಮೆಗೆ ಅದರ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಕಡುಬು-ಹೋಳಿಗೆಯ ಚರಗ ಚೆಲ್ಲಿ, ಹೊಲದಲ್ಲೇ ಊಟ ಮಾಡುವ ಪದ್ಧತಿ ಇವತ್ತಿಗೂ ಇದೆ. ಜಾಲಿಯನ್ನು ಉಳಿಸಿದ್ದು ಕೆಲಸ, ಬನ್ನಿಯನ್ನು ಉಳಿಸಿದ್ದು ಹಬ್ಬ.

ಜಾಲಿ ಕಾಯುವ ಈ ಪದ್ಧತಿ ಸಡಿಲಾದದ್ದು ಒಂದೇ ಏಟಿಗಲ್ಲ. 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯ್ದೆಯ ನಂತರ ಸಮಪಾತಳಿ ಒಡ್ಡುಗಳು ಬಂದು ಮಣ್ಣು ಕೊಚ್ಚಿಹೋಗುವುದು ಕಡಿಮೆಯಾಯಿತು, ಗಿಡಕ್ಕೂ ಜಾಗ ಸಿಕ್ಕಿತು. ಪೆಟ್ಟು ಬಿದ್ದದ್ದು ಆಮೇಲೆ. ಅಣ್ಣತಮ್ಮಂದಿರ ಪಾಲಿನಲ್ಲಿ ಬದು ಸಣ್ಣದಾಯಿತು. ಕಬ್ಬಿಣದ ರಂಟಿ, ಟೈರಿನ ಗಾಲಿ, ಕೊನೆಗೆ ಟ್ರ್ಯಾಕ್ಟರ್ ಬಂದು ಜಾಲಿಯ ಗಿರಾಕಿಯೇ ಇಲ್ಲವಾದ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಹಲವು ಜಾತಿಯ ಗಿಡ ಕಡಿಯಲು ಅನುಮತಿ ಬೇಕೆಂದಿತು. ಉದ್ದೇಶ ಒಳ್ಳೆಯದೇ, ಆದರೆ ಅನುಮತಿಗೆ ಅಲೆಯಲು ಅಂಜಿದ ರೈತ ಸಸಿಯಿದ್ದಾಗಲೇ ಕಿತ್ತುಹಾಕಿದ. ತೆರವಾದ ಹಳ್ಳದ ದಂಡೆಯನ್ನು ಬಳ್ಳಾರಿ ಜಾಲಿ ಹಿಡಿಯಿತು.

ಆಫ್ರಿಕದ ನೈಜರ್ ದೇಶವೂ ಇದನ್ನೇ ಕಂಡಿದೆ. ಹೊಲದ ಗಿಡ ಸರ್ಕಾರದ್ದು ಎಂಬ ಕಾನೂನಿದ್ದಷ್ಟು ಕಾಲ ರೈತರು ಅದನ್ನು ಉಳಿಸಲಿಲ್ಲ. 1980ರ ದಶಕದಿಂದ ಆ ಬಿಗಿ ಸಡಿಲಾದಂತೆ, ಹಳೆಯ ಬೊಡ್ಡೆಗಳ ಚಿಗುರನ್ನೇ ಸವರಿ ಬೆಳೆಸಿ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮತ್ತೆ ಗಿಡ ತಂದರು. ಸಸಿ ನೆಟ್ಟದ್ದಕ್ಕಿಂತ ಚಿಗುರು ಕಾದದ್ದು ಹೆಚ್ಚು ಫಲ ಕೊಟ್ಟಿತು.

ನಮ್ಮಲ್ಲಿ 2011ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ, ನೆಟ್ಟ ಸಸಿ ಬದುಕಿದ್ದರೆ ಮೂರು ವರ್ಷ ರೈತನಿಗೆ ಹಣ ಕೊಡುತ್ತದೆ. ನೆಟ್ಟದ್ದಕ್ಕಲ್ಲ, ಬದುಕಿದ್ದಕ್ಕೆ ಹಣ ಎಂಬುದು ಸರಿಯಾದ ದಾರಿ. ಬದುವಿನಲ್ಲಿ ತಾನಾಗಿ ಹುಟ್ಟಿದ ಜಾಲಿ, ಬೇವು, ಬನ್ನಿಗೂ ಅದೇ ಲೆಕ್ಕ ಹಿಡಿಯಬೇಕು. ರೈತರಲ್ಲಿ ನನ್ನ ಮಾತು ಇಷ್ಟೇ: ಈ ಹಿಂಗಾರಿಗೆ ಬದು ಸವರುವಾಗ ನೆಟ್ಟಗಿರುವ ಎರಡು ಸಸಿ ಬಿಡಿ, ಕೆಳಗಿನ ಟೊಂಗೆಯಷ್ಟೇ ತೆಗೆಯಿರಿ.