ಗಾಳಿಯ ದಾರಿ: ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಒಂದು ಚರಿತ್ರೆ

ಭೂಗತ ಕಲ್ಲಿದ್ದಲ ಗಣಿಗಳ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯಾಗಿ ಬರೆಯುವುದು ರೂಢಿ. ಅಲ್ಲಿ ಗಾಳಿಯಾಡಿಸಲು ನಡೆದ ಪ್ರಯತ್ನಗಳನ್ನು ಗಮನಿಸಿದರೆ ದುಡಿಯುವ ಜನರ ಚರಿತ್ರೆಯೂ ತೆರೆದುಕೊಳ್ಳುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈಶಾನ್ಯ ಇಂಗ್ಲೆಂಡಿನ ಅನೇಕ ಗಣಿಗಳಲ್ಲಿ ಗಾಳಿಯನ್ನು ನಡೆಸುತ್ತಿದ್ದುದು ಬೆಂಕಿ. ಗಣಿಬಾವಿಯ ತಳದಲ್ಲಿ ಕುಲುಮೆ ಉರಿಸಿದಾಗ ಕಾದು ಹಗುರಾದ ಗಾಳಿ ಮೇಲೇರುತ್ತಿತ್ತು. ಆ ತೆರವಿಗೆ ಇನ್ನೊಂದು ದಾರಿಯಿಂದ ತಂಪು ಗಾಳಿ ಇಳಿಯುತ್ತಿತ್ತು. ಅದು ಅಡ್ಡದಾರಿ ಹಿಡಿಯದಂತೆ ಸುರಂಗಗಳಿಗೆ ಕದಗಳಿದ್ದವು. ಕತ್ತಲಲ್ಲಿ ಕುಳಿತು, ಬಂಡಿ ಬಂದಾಗ ಕದ ತೆರೆದು ಮುಚ್ಚುವುದು ಎಳೆಯ ಮಕ್ಕಳ ಕೆಲಸವಾಗಿತ್ತು. ಗಣಿಯ ಉಸಿರು ಆ ಮಕ್ಕಳ ಎಚ್ಚರವನ್ನು ಅವಲಂಬಿಸಿತ್ತು. ಹತ್ತು ವರ್ಷದೊಳಗಿನ ಬಾಲಕರನ್ನು ಗಣಿಗಿಳಿಸಬಾರದೆಂಬ ಶಾಸನ ಬಂದುದು 1842ರಲ್ಲಿ.

1812ರ ಫೆಲಿಂಗ್ ಸ್ಫೋಟದಲ್ಲಿ 92 ಮಂದಿ ಮಡಿದರು. 1815ರಲ್ಲಿ ಹಂಫ್ರಿ ಡೇವಿ ಸುರಕ್ಷಾದೀಪವನ್ನು ರೂಪಿಸಿದನು. ಜ್ವಾಲೆಯ ಮೇಲಿನ ನೀಲಿ ಛಾಯೆಯನ್ನು ಕಂಡು ಅನಿಲದ ಇರವನ್ನು ಅರಿಯುವುದು ಗಣಿಗರ ಅನುಭವಜ್ಞಾನವಾಗಿತ್ತು. ಆದರೆ ದೀಪವು ಅನಿಲವನ್ನು ತೋರಬಲ್ಲುದೇ ಹೊರತು ಹೊರಹಾಕಲಾರದು.

1862ರ ಜನವರಿ 16ರಂದು ಹಾರ್ಟ್ಲಿ ಗಣಿಯಲ್ಲಿ ನೀರೆತ್ತುವ ಯಂತ್ರದ ತೊಲೆ ಮುರಿದು ಬಾವಿಗೆ ಬಿದ್ದಿತು. ಅಲ್ಲಿದ್ದುದು ಒಂದೇ ಬಾವಿ. ಗಾಳಿಯ ಒಳಬರವನ್ನೂ ಹೊರಹೋಗನ್ನೂ ಬೇರ್ಪಡಿಸುತ್ತಿದ್ದುದು ನಡುವಿನ ಮರದ ತಡಿಕೆ. ಬಾವಿ ಮುಚ್ಚಿತು, ಗಾಳಿಯೂ ನಿಂತಿತು. ಒಟ್ಟು 204 ಜೀವಗಳು ಹೋದವು. ಅದೇ ವರ್ಷ ಪ್ರತಿ ಗಣಿಗೂ ಎರಡು ಹೊರದಾರಿಗಳಿರಬೇಕೆಂದು ಕಾನೂನು ವಿಧಿಸಿತು.

ಎರಡನೆಯ ಬಾವಿಯ ಅಗತ್ಯವನ್ನು ಬಲ್ಲವರು ಮೊದಲೂ ಇದ್ದರು. ಅಡ್ಡಿಯಾದುದು ತೋಡುವ ವೆಚ್ಚ. ವಾತಾಯನದ ಸುಧಾರಣೆಯು ಅರಿವಿನಿಂದಷ್ಟೇ ಅಲ್ಲ, ಸಾವುಗಳ ಒತ್ತಡದಿಂದಲೂ ಆಯಿತೆಂಬುದನ್ನು ಈ ಚರಿತ್ರೆ ಸ್ಪಷ್ಟಪಡಿಸುತ್ತದೆ.